ನೋಡುಗರು ಬೆಳೆಯುವ ಬಗೆ

ತರುಣಿ: ದೊಡ್ಡಪ್ಪ, ನೀವು ಡಬ್ಲಿನ್ನಿಗೆ ಬಂದಂದಿನಿಂದ ನಿಮ್ಮನ್ನು ಕೇಳಬೇಕೆಂದು ಕಾದಿರಿಸಿಕೊಂಡಿರುವ ವಿಷಯವೊಂದಿದೆ. ಬಿಡುವಿನ ದಿನಗಳಲ್ಲಿ ನಾನು ಈ ದೇಶದ ಊರು, ಕಡಲು, ಸಂತೆ, ಹೊಲಗಳನ್ನು ಫೋನಿನಲ್ಲಿ ಚಿತ್ರಿಸಿ, ಕನ್ನಡದಲ್ಲಿ ವಿವರಣೆ ಕೊಟ್ಟು, ಯೂಟ್ಯೂಬಿಗೆ ಹಾಕುತ್ತಿರುವುದನ್ನು ನೀವು ಬಲ್ಲಿರಿ. ನೀವಾದರೋ ಬಾಳಿನ ಬಹುಭಾಗವನ್ನು ಆಕಾಶವಾಣಿಯಲ್ಲಿ ಕಳೆದವರು. ಕಣ್ಣಿಗೆ ಕಾಣದ ಶ್ರೋತೃಗಳೊಡನೆ ಮಾತನಾಡುವ ವಿದ್ಯೆಯನ್ನು ಅಭ್ಯಾಸ ಮಾಡಿದವರು. ನನ್ನ ವಿಡಿಯೋಗಳು ಉತ್ತಮವಾಗುವುದು ಹೇಗೆ? ಅವನ್ನು ನೋಡುವವರು ಹೆಚ್ಚುವುದು ಹೇಗೆ?

ಹಿರಿಯರು: ನೀನು ಎರಡು ಪ್ರಶ್ನೆಗಳನ್ನು ಕೇಳಿದೆ, ನನಗೆ ಅವೆರಡೂ ಒಂದೇ ಪ್ರಶ್ನೆಯ ಭಾಗಗಳಾಗಿ ತೋರುತ್ತವೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಸಣ್ಣದೊಂದು ಯಂತ್ರವನ್ನಿಟ್ಟುಕೊಂಡು ರೇಡಿಯೋ ಪ್ರಸಾರವನ್ನು ಆರಂಭಿಸಿದರಲ್ಲ, ಇಂದು ನೀನು ಕುಳಿತಿರುವ ಸ್ಥಾನದಲ್ಲಿಯೇ ಅಂದು ಅವರು ಕುಳಿತಿದ್ದರು: ಒಬ್ಬ ವ್ಯಕ್ತಿ, ಒಂದು ಮನೆ, ಆಚೆಗೆ ಯಾರು ಕೇಳುತ್ತಿದ್ದಾರೆಂಬುದು ಅಗೋಚರ. ಅಂಥವನು ಮೊದಲು ತೀರ್ಮಾನಿಸಿಕೊಳ್ಳಬೇಕಾದುದು ತಾನು ಯಾರಿಗೆ ಹೇಳುತ್ತಿದ್ದೇನೆ ಎಂಬುದನ್ನು. ಅದು ಸ್ಪಷ್ಟವಾದರೆ ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಎಂಬುದೆಲ್ಲವೂ ಅದರಿಂದಲೇ ನಿಷ್ಪನ್ನವಾಗುತ್ತದೆ. ಹೇಳು, ನಿನ್ನವನ್ನು ನೋಡುವವರು ಯಾರು?

ತರುಣಿ: ಕೆಲವರು ಇಲ್ಲಿಗೆ ಓದಲು ಬರಲಿರುವ ವಿದ್ಯಾರ್ಥಿಗಳು, ಅವರಿಗೆ ಬಾಡಿಗೆ ಮನೆ, ವೀಸಾ, ಸಂಬಳ ಇವುಗಳ ವಿಚಾರ ಬೇಕು. ಕೆಲವರು ಇಲ್ಲಿಯೇ ಇರುವ ಕನ್ನಡ ಕುಟುಂಬದವರು. ಉಳಿದವರಲ್ಲಿ ಹೆಚ್ಚು ಮಂದಿ ಹಾಸನ, ತಿಪಟೂರು, ಗದಗ, ಪುತ್ತೂರುಗಳಲ್ಲಿ ಮನೆಯಲ್ಲಿ ಕುಳಿತು ಹೊರದೇಶವನ್ನು ನೋಡಬಯಸುವವರು. ಮಕ್ಕಳನ್ನು ದೂರಕ್ಕೆ ಕಳುಹಿಸಿದ ತಂದೆತಾಯಿಗಳೂ ಅವರಲ್ಲಿದ್ದಾರೆ.

ಹಿರಿಯರು: ಹಾಗಾದರೆ ಮೂರು ಸಭೆಗಳು ಒಂದೇ ಚಪ್ಪರದಡಿ ಕೂಡಿವೆಯೆಂದಾಯಿತು. ವಿದ್ಯಾರ್ಥಿಗೆ ಬೇಕಾದುದು ಮಾಹಿತಿ. ಅದು ದೊರೆತೊಡನೆ ಅವನು ಎದ್ದುಹೋಗುತ್ತಾನೆ, ಹೋಗುವುದು ನ್ಯಾಯವೇ. ತಿಪಟೂರಿನ ತಾಯಿಗೆ ಬೇಕಾದುದು ಸಹವಾಸ. ಆಕೆ ಮತ್ತೆ ಬರುತ್ತಾಳೆ. ಒಂದೇ ವಿಡಿಯೋದಲ್ಲಿ ಇಬ್ಬರನ್ನೂ ತೃಪ್ತಿಪಡಿಸಲು ಹೊರಟರೆ ಇಬ್ಬರಿಗೂ ಬೇಸರವಾಗುವುದು ಸಹಜ. ಆದುದರಿಂದ ಪ್ರತಿಯೊಂದನ್ನು ಸಿದ್ಧಪಡಿಸುವ ಮೊದಲು ಒಬ್ಬರನ್ನು ಆರಿಸಿಕೊ. ಆ ಒಬ್ಬರು ನಿನ್ನೆದುರಿಗೆ ಕುಳಿತಿದ್ದಾರೆಂದು ಭಾವಿಸಿ ಮಾತನಾಡು. ರೇಡಿಯೋ ಭಾಷಣಕ್ಕೆ ಬಂದವರಿಗೆ ನಾವು ಹೇಳುತ್ತಿದ್ದುದೂ ಅದನ್ನೇ. ಸಾವಿರ ಜನರನ್ನು ಉದ್ದೇಶಿಸಿ ನುಡಿದ ಮಾತು ಸಭಾಭಾಷಣವಾಗಿ ಗಾಳಿಯಲ್ಲಿ ಕರಗುತ್ತದೆ, ಒಬ್ಬರನ್ನು ಉದ್ದೇಶಿಸಿ ನುಡಿದುದನ್ನು ಸಾವಿರ ಜನ ತಮಗೇ ಹೇಳಿದರೆಂದು ಕೇಳುತ್ತಾರೆ.

ತರುಣಿ: ಇಲ್ಲಿಯೇ ನನಗೊಂದು ದೊಡ್ಡ ಸಂದೇಹ. ನನ್ನ ಗೆಳತಿಯರು ಇಂಗ್ಲಿಷಿನಲ್ಲಿ ಮಾಡೆನ್ನುತ್ತಾರೆ. ಕನ್ನಡದಲ್ಲಿ ಹೇಳಿದರೆ ಲೋಕದ ಒಂದು ಮೂಲೆಗೆ ಮಾತ್ರ ತಲುಪುತ್ತದೆ, ಇಂಗ್ಲಿಷಿನಲ್ಲಿ ಹೇಳಿದರೆ ಲೋಕವೆಲ್ಲ ನೋಡಬಹುದು ಎಂಬುದು ಅವರ ವಾದ. ಲೆಕ್ಕದ ದೃಷ್ಟಿಯಿಂದ ಅದನ್ನು ತಳ್ಳಿಹಾಕುವಂತಿಲ್ಲ.

ಹಿರಿಯರು: ಆ ಲೆಕ್ಕಕ್ಕೆ ಈ ದೇಶದವನೇ ಒಬ್ಬ ನೂರು ವರ್ಷಗಳ ಹಿಂದೆ ಉತ್ತರ ಕೊಟ್ಟಿದ್ದಾನೆ. ಬೆಲ್‌ಫಾಸ್ಟಿನಲ್ಲಿ 1873ರಲ್ಲಿ ಹುಟ್ಟಿದ ಕವಿ ಜೇಮ್ಸ್ ಕಸಿನ್ಸ್ ಐರಿಷ್ ಸಾಹಿತ್ಯ ಪುನರುಜ್ಜೀವನದ ಬಳಗದಲ್ಲಿ ಬೆಳೆದು, 1915ರಲ್ಲಿ ಆನಿ ಬೆಸೆಂಟರ ಆಹ್ವಾನದ ಮೇಲೆ ಭಾರತಕ್ಕೆ ಬಂದನು. 1924ರಲ್ಲಿ ಅವನು ಮೈಸೂರಿನಲ್ಲಿದ್ದಾಗ ವಿದ್ಯಾರ್ಥಿಯೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಲು ಹೋದನು. ಆ ವಿದ್ಯಾರ್ಥಿಯ ಇಂಗ್ಲಿಷ್ ಕವನಗಳ ಪುಸ್ತಿಕೆ 1922ರಲ್ಲಿಯೇ ಅಚ್ಚಾಗಿತ್ತು. ಪ್ರಶಂಸೆಯನ್ನು ನಿರೀಕ್ಷಿಸಿ ಹೋದವನಿಗೆ ದೊರೆತುದು, ನಿನ್ನ ತಾಯ್ನುಡಿಯಲ್ಲಿ ಏನು ಬರೆದಿದ್ದೀಯೆ ಎಂಬ ಪ್ರಶ್ನೆ. ಕನ್ನಡದಲ್ಲಿಯೇ ಬರೆ ಎಂಬ ಆ ಉಪದೇಶ ಮೊದಲು ಮನಸ್ಸಿಗೆ ನೋವನ್ನುಂಟುಮಾಡಿದರೂ, ಅನಂತರ ಆ ತರುಣನು ನಮಗೆ ಕುವೆಂಪುವಾದನು.

ತರುಣಿ: ಈ ಪ್ರಸಂಗವನ್ನು ಶಾಲೆಯಲ್ಲಿ ಓದಿದ್ದೆ, ಆದರೆ ಅದನ್ನು ಹೇಳಿದವನು ಐರ್ಲೆಂಡಿನವನೆಂಬುದು ನನ್ನ ಮನಸ್ಸಿನಲ್ಲಿ ನಿಂತಿರಲಿಲ್ಲ. ಕಾವ್ಯದ ಮಾತು ಸರಿ, ವಿಡಿಯೋದ ಮಾತು ಬೇರೆಯಲ್ಲವೇ?

ಹಿರಿಯರು: ಬೇರೆ ಹೌದು, ಅಷ್ಟೊಂದು ಬೇರೆಯಲ್ಲ. ಕಸಿನ್ಸನು ಭಾಷಾಭಿಮಾನಕ್ಕಾಗಿ ಮಾತ್ರ ಆ ಮಾತನ್ನು ಹೇಳಿರಲಾರನು. ಸ್ವದೇಶದ ಐರಿಷ್ ಭಾಷೆ ಮನೆಮನೆಗಳಿಂದ ಮರೆಯಾದುದನ್ನು ಕಂಡ, ಸ್ವತಃ ಇಂಗ್ಲಿಷಿನಲ್ಲಿಯೇ ಬರೆಯುತ್ತಿದ್ದ ಕವಿ ಅವನು. ವಿಡಿಯೋದ ಮಾತಿಗೆ ಬಂದರೆ, ಇಂಗ್ಲಿಷಿನಲ್ಲಿ ಈ ದೇಶದ ಮೋಹರ್ ಕಡಿಬಂಡೆಗಳನ್ನು ಬಣ್ಣಿಸುವವರು ಸಹಸ್ರಾರು ಮಂದಿ ಇದ್ದಾರೆ. ಅವರ ಸಾಲಿನಲ್ಲಿ ನೀನು ಕೊನೆಯವಳಾಗಿ ನಿಲ್ಲುತ್ತೀಯೆ. ಕನ್ನಡದಲ್ಲಿ ಅದನ್ನು ಹೇಳುವವರು ಬೆರಳೆಣಿಕೆಯಷ್ಟು ಮಂದಿ. ಡಾ. ಬ್ರೋ ಎಂದು ಪ್ರಸಿದ್ಧನಾದ ಗಗನ್ ಶ್ರೀನಿವಾಸನನ್ನೇ ನೋಡು: ದೇಶದೇಶಗಳನ್ನು ಸುತ್ತಿ, ‘ನಮಸ್ಕಾರ ದೇವರು’ ಎಂದು ಕನ್ನಡದಲ್ಲಿಯೇ ಮಾತನ್ನಾರಂಭಿಸುವ ಆ ಹುಡುಗನನ್ನು ಲಕ್ಷಾಂತರ ಜನ ನೋಡುತ್ತಾರೆ. ಅವನ ಮಾತಿನಲ್ಲಿ ನಮ್ಮೂರಿನ ಹುಡುಗನೊಬ್ಬ ಲೋಕವನ್ನು ನೋಡುತ್ತಿದ್ದಾನೆಂಬ ಆಪ್ತತೆ ಇರುವುದೇ ಅದಕ್ಕೆ ಕಾರಣವೆಂದು ನಾನು ಬಗೆಯುತ್ತೇನೆ.

ತರುಣಿ: ನಿಮ್ಮ ಮಾತಿಗೆ ಇಲ್ಲಿಯದೇ ಆದ ಪುಷ್ಟಿಯೊಂದನ್ನು ನಾನು ಸೇರಿಸಬಲ್ಲೆ. ಕಾನಮಾರಾ ಸೀಮೆಯಿಂದ 1996ರಲ್ಲಿ ಆರಂಭವಾಗಿ ಈಗ ಟಿಜಿ4 ಎಂದು ಕರೆಯಿಸಿಕೊಳ್ಳುವ ಐರಿಷ್ ಭಾಷೆಯ ದೂರದರ್ಶನವು ತನ್ನ ಅನೇಕ ಕಾರ್ಯಕ್ರಮಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕುತ್ತದೆ. ಭಾಷೆಯರಿಯದವರೂ ಅದನ್ನು ನೋಡುತ್ತಾರೆ. ‘ಅನ್ ಕಾಲೀನ್ ಕ್ಯೂನ್’ ಎಂಬ ಐರಿಷ್ ಭಾಷೆಯ ಚಿತ್ರ, ಮಾತುಕಡಿಮೆಯ ಪುಟ್ಟ ಹುಡುಗಿಯೊಬ್ಬಳು ಬಂಧುಗಳ ಹೊಲಮನೆಯಲ್ಲಿ ಬೇಸಗೆಯನ್ನು ಕಳೆಯುವ ಕಥೆ, 2023ರ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. ಆ ಭಾಷೆಯ ಚಿತ್ರಕ್ಕೆ ಅಂಥ ಗೌರವ ಹಿಂದೆಂದೂ ದೊರೆತಿರಲಿಲ್ಲ. ಹಾಗಾದರೆ ನುಡಿ ಕನ್ನಡವಾಗಿರಲಿ, ಕೆಳಗಿನ ಅಕ್ಷರಗಳು ಇಂಗ್ಲಿಷಿನಲ್ಲಿರಲಿ. ಕಿವಿ ಮಂದವಾದವರಿಗಾಗಿ ಕನ್ನಡದ ಅಕ್ಷರಗಳೂ ಇರಲಿ ಎಂದು ತೀರ್ಮಾನಿಸಬಹುದೇ?

ಹಿರಿಯರು: ಹಾಗೆಯೇ ತೀರ್ಮಾನಿಸು. ಯಂತ್ರವು ತಾನಾಗಿ ಮಾಡಿಕೊಡುವ ಅಕ್ಷರಗಳನ್ನು ಮಾತ್ರ ನಂಬಬೇಡ. ಊರಹೆಸರು, ಕಾಲಮಾನ, ಲೆಕ್ಕಗಳನ್ನು ನೀನೇ ಓದಿ ತಿದ್ದು. ಈಗ ವಸ್ತುವಿನ ವಿಚಾರಕ್ಕೆ ಬರೋಣ. ನೀನು ಈವರೆಗೆ ತೋರಿಸಿದ ಮೋಹರ್ ಕಡಿಬಂಡೆಗಳು ಸುಂದರವಾಗಿವೆ. 200 ಮೀಟರಿಗೂ ಎತ್ತರವಾಗಿ ಅಟ್ಲಾಂಟಿಕ್ ಸಾಗರದಿಂದ ನೇರವಾಗಿ ಎದ್ದಿರುವ ಆ ಬಂಡೆಗಳನ್ನು ಯಾರು ತೋರಿಸಿದರೂ ಸುಂದರವಾಗಿಯೇ ಕಾಣುತ್ತವೆ. ಕನ್ನಡ ಕಣ್ಣಿಗೆ ಮಾತ್ರ ಕಾಣುವಂಥದನ್ನು ಅಲ್ಲಿ ತೋರಿಸಿದೆಯಾ?

ತರುಣಿ: ಕನ್ನಡ ಕಣ್ಣಿಗೆ ಮಾತ್ರ ಕಾಣುವಂಥದು ಈ ನೆಲದಲ್ಲಿ ಏನಿರಬಲ್ಲದು?

ಹಿರಿಯರು: ಉತ್ತರದ ಆಂಟ್ರಿಮ್ ಕರಾವಳಿಯ ಜಯಂಟ್ಸ್ ಕಾಸ್‌ವೇಯನ್ನು ನೋಡಿಬಂದೆಯಲ್ಲ. ಸುಮಾರು 40,000 ಶಿಲಾಸ್ತಂಭಗಳು, ಬಹುತೇಕ ಆರು ಮೂಲೆಯವು, ಕಡಲಿನೊಳಕ್ಕೆ ಮೆಟ್ಟಿಲುಮೆಟ್ಟಿಲಾಗಿ ಇಳಿದುಹೋಗಿವೆ. ಉಡುಪಿಯವರೋ ಮಲ್ಪೆಯವರೋ ಆ ಚಿತ್ರವನ್ನು ನೋಡಿದೊಡನೆ ಏನೆನ್ನುತ್ತಾರೆ? ಇದು ನಮ್ಮ ಸೇಂಟ್ ಮೇರೀಸ್ ದ್ವೀಪದಂತಿದೆ ಎನ್ನುತ್ತಾರೆ. ಅವರ ಮಾತು ನಿಜ. ಎರಡೆಡೆಯೂ ಭೂಗರ್ಭದಿಂದ ಉಕ್ಕಿದ ಲಾವಾರಸವು ಆರುತ್ತ ಕುಗ್ಗುವಾಗ ಬಿರುಕುಬಿಟ್ಟು ಕಂಬಗಳಾಗಿ ಸೀಳಿಕೊಂಡಿದೆ. ಮಲ್ಪೆಯದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ್ದು. ಆಂಟ್ರಿಮ್ಮಿನದು ಸುಮಾರು 6 ಕೋಟಿ ವರ್ಷಗಳದ್ದು. ಇಲ್ಲಿನವರು ಫಿನ್ ಮಕೂಲನೆಂಬ ದೈತ್ಯನು ಸ್ಕಾಟ್ಲೆಂಡಿಗೆ ದಾಟಲು ಕಟ್ಟಿದ ಸೇತುವೆಯೆಂದು ಕಥೆ ಹೇಳುತ್ತಾರೆ. ಸೇತುಬಂಧದ ಕಥೆಯನ್ನು ಕೇಳಿ ಬೆಳೆದವರಿಗೆ ಅದು ಎಷ್ಟು ಪರಿಚಿತ! ನಿನ್ನ ವಿಡಿಯೋ ಮಲ್ಪೆಯ ದೋಣಿಯಲ್ಲಿ ಆರಂಭವಾಗಿ ಆಂಟ್ರಿಮ್ಮಿಗೆ ಬಂದರೆ, ನೋಡುವವನು ತಾನು ಬಲ್ಲುದರಿಂದ ತಾನರಿಯದುದರ ಕಡೆಗೆ ನಡೆಯುತ್ತಾನೆ. ಇಂಗ್ಲಿಷಿನ ಸಹಸ್ರಾರು ಮಂದಿಯಲ್ಲಿ ಯಾರೂ ಅವನನ್ನು ಆ ದಾರಿಯಲ್ಲಿ ಕರೆದೊಯ್ಯಲಾರರು.

ತರುಣಿ: ಈಗ ನಿಮ್ಮ ಅಭಿಪ್ರಾಯ ತಿಳಿಯಿತು. ಹಾಗಾದರೆ ನಾನೂ ಒಂದನ್ನು ಹೇಳುತ್ತೇನೆ. ಲಿಮರಿಕ್ ಕೌಂಟಿಯ ಡ್ರಮ್‌ಕಾಲೊಹರ್ ಎಂಬ ಹಳ್ಳಿಯಲ್ಲಿ 1889ರಲ್ಲಿ ಹೊರೇಸ್ ಪ್ಲಂಕೆಟ್ಟನ ಪ್ರಯತ್ನದಿಂದ ಈ ದೇಶದ ಮೊದಲ ಸಹಕಾರಿ ಹಾಲಿನ ಡೇರಿ ಆರಂಭವಾಯಿತೆಂದು ಓದಿದ್ದೇನೆ. ನಮ್ಮ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಭಾರತದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದರಲ್ಲವೇ? ಎರಡು ಹಳ್ಳಿಗಳ ನಡುವೆ ಹದಿನಾರೇ ವರ್ಷಗಳ ಅಂತರ.

ಹಿರಿಯರು: ಶಭಾಷ್, ಅದು ಅತ್ಯುತ್ತಮವಾದ ವಸ್ತು. ಅದಕ್ಕೆ ಮತ್ತೊಂದು ಎಳೆಯೂ ಇದೆ. ಆ ಸಹಕಾರ ಚಳವಳಿಗಾಗಿ ಸೈಕಲ್ಲಿನ ಮೇಲೆ ಹಳ್ಳಿಹಳ್ಳಿ ತಿರುಗಿ ರೈತರನ್ನು ಕೂಡಿಸಿದವನು, 1905ರಿಂದ 1923ರವರೆಗೆ ‘ಐರಿಷ್ ಹೋಮ್‌ಸ್ಟೆಡ್’ ಎಂಬ ಅದರ ಪತ್ರಿಕೆಯನ್ನು ಸಂಪಾದಿಸಿದವನು, ಎ. ಇ. ಎಂಬ ಕಾವ್ಯನಾಮದ ಜಾರ್ಜ್ ರಸೆಲ್. ಬೇಂದ್ರೆಯವರು ತಮ್ಮ ಮೇಲೆ ಪ್ರಭಾವ ಬೀರಿದವರೆಂದು ಗೌರವಿಸುತ್ತಿದ್ದ ಅನುಭಾವಿ ಕವಿಯೂ ಅವನೇ. ಧಾರವಾಡದ ಕವಿ ಮೆಚ್ಚಿದವನು ಹಾಲು ಬೆಣ್ಣೆಗಳ ಲೆಕ್ಕವನ್ನೂ ಬರೆಯುತ್ತಿದ್ದನೆಂಬುದನ್ನು ತಿಳಿದರೆ ಕನ್ನಡಿಗನಿಗೆ ಕುತೂಹಲವಾಗದೆ ಇರದು. ಆದರೆ ಇತಿಹಾಸದಲ್ಲಿಯೇ ನಿಲ್ಲಬೇಡ. ಮಂಡ್ಯದ ರೈತ ಮಹಿಳೆ ಮೊದಲು ಕೇಳುವುದೇನು?

ತರುಣಿ: ಲೀಟರಿಗೆ ಎಷ್ಟು ಕೊಡುತ್ತಾರೆ ಎಂದು ಕೇಳುತ್ತಾಳೆ.

ಹಿರಿಯರು: ಅನಂತರ ಫ್ಯಾಟ್ ನೋಡುತ್ತಾರೆಯೇ ಎಂದು ಕೇಳುತ್ತಾಳೆ. ನಮ್ಮೂರ ಡೇರಿಯಲ್ಲಿ ಹಾಲಿನ ಫ್ಯಾಟನ್ನೂ ಎಸ್‌ಎನ್‌ಎಫ್ ಎಂಬ ಕೊಬ್ಬೇತರ ಘನಾಂಶವನ್ನೂ ಅಳೆದು ಹಣ ಕೊಡುತ್ತಾರೆ. ಇಲ್ಲಿ ಕೊಬ್ಬಿಗೂ ಪ್ರೋಟೀನಿಗೂ ಬೆಲೆಕಟ್ಟಿ, ಹಾಲಿನೊಳಗಿನ ನೀರನ್ನು ಸಾಗಿಸಿ ಸಂಸ್ಕರಿಸುವ ವೆಚ್ಚವನ್ನು ಅದರಿಂದ ಕಳೆಯುತ್ತಾರೆ. ಇಲ್ಲಿನ ಹಸುಗಳು ವರ್ಷದ ಬಹುಭಾಗ ಹೊರಗೆ ಮೇಯುತ್ತವೆ. ಹುಲ್ಲು ಚಿಗುರುವ ಕಾಲಕ್ಕೆ ಕರು ಹಾಕುವಂತೆ ರೈತರು ಮೊದಲೇ ಗೊತ್ತುಮಾಡಿರುತ್ತಾರೆ. ಇಂಥ ಒಂದು ವಿವರಕ್ಕಾಗಿ ಮಂಡ್ಯದವಳು ಕೊನೆಯವರೆಗೂ ಕುಳಿತಿರುತ್ತಾಳೆ.

ತರುಣಿ: ವಸ್ತು ದೊರೆಯಿತೆಂದಿಟ್ಟುಕೊಳ್ಳೋಣ, ಕೌಶಲದ ಮಾತು ಬಾಕಿಯಿದೆ. ನನ್ನದು ಒಂದು ಫೋನು ಮಾತ್ರ. ಬೆಲೆಬಾಳುವ ಕ್ಯಾಮೆರಾ ಇಲ್ಲದೆ ಚಿತ್ರ ಚೆನ್ನಾಗಿ ಬರುವುದುಂಟೇ?

ಹಿರಿಯರು: ಹಣ ಖರ್ಚು ಮಾಡುವುದಾದರೆ ಮೊದಲು ಧ್ವನಿಗೆ ಖರ್ಚು ಮಾಡು. ಚಿತ್ರ ಕೊಂಚ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ. ಬಾಯಿಗೂ ಮೈಕಿಗೂ ಇರುವ ದೂರವನ್ನು ಅರ್ಧಕ್ಕೆ ಇಳಿಸಿದರೆ ಮೈಕಿಗೆ ತಲುಪುವ ಧ್ವನಿಯ ತೀವ್ರತೆ ನಾಲ್ಕು ಪಟ್ಟಾಗುತ್ತದೆ. ಆದುದರಿಂದ ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಮೈಕು, ಕೈಯಳತೆಯ ದೂರದಲ್ಲಿ ಹಿಡಿದ ಫೋನಿನ ಮೈಕಿಗಿಂತ ಎಷ್ಟೋ ಮೇಲು. ಈ ದೇಶದ ಪಶ್ಚಿಮ ಕರಾವಳಿಯಲ್ಲಿ ಗಾಳಿ ಎಂದೂ ಸುಮ್ಮನಿರದು. ಮೈಕಿನ ಮೇಲೆ ಉದ್ದ ರೋಮದ ಹೊದಿಕೆ ಹಾಕದಿದ್ದರೆ ನಿನ್ನ ಮಾತಿಗೆ ಬದಲಾಗಿ ಮೊರೆತವೇ ದಾಖಲಾಗುತ್ತದೆ. ಮತ್ತೊಂದು ಮಾತು: ಎಲ್ಲಿಗೆ ಹೋದರೂ ಕೆಲಹೊತ್ತು ಮಾತನಾಡದೆ ಆ ಸ್ಥಳದ ಸದ್ದನ್ನೇ ಹಿಡಿದುಕೊಂಡು ಬಾ. ಹೊಲದ ಹಕ್ಕಿ, ಬಂದರಿನ ಹಗ್ಗದ ಕಿರುಗುಟ್ಟು, ಸಂತೆಯ ಗದ್ದಲ ಇವು ಹಿನ್ನೆಲೆಯಲ್ಲಿದ್ದರೆ ಎರವಲು ತಂದ ಸಂಗೀತ ಬೇಕಾಗುವುದಿಲ್ಲ.

ತರುಣಿ: ಬೆಳಕಿನ ವಿಷಯದಲ್ಲಿ ನಾನು ಇಲ್ಲಿಗೆ ಬಂದ ಮೇಲೆ ಕಲಿತುದೊಂದಿದೆ. ಡಿಸೆಂಬರಿನಲ್ಲಿ ಡಬ್ಲಿನ್ನಿನ ಹಗಲು ಏಳೂವರೆ ಗಂಟೆ ಮಾತ್ರ. ಜೂನಿನಲ್ಲಿ ಹದಿನೇಳು ಗಂಟೆ. ಮೋಡ ಕವಿದ ಆಕಾಶವನ್ನು ಎಲ್ಲರೂ ದೂರುತ್ತಾರೆ, ಆದರೆ ಆ ಮೋಡವೇ ಬೆಳಕನ್ನು ಸೋಸಿ ಮುಖದ ಮೇಲೆ ಕಪ್ಪು ನೆರಳು ಬೀಳದಂತೆ ಮಾಡುತ್ತದೆ. ಮನೆಯೊಳಗೆ ಚಿತ್ರಿಸುವಾಗ ವಿದ್ಯುದ್ದೀಪದ ಪಟ್ಟೆಗಳು ಕಂಪಿಸುವುದುಂಟು. ಭಾರತದಂತೆ ಇಲ್ಲಿಯೂ ವಿದ್ಯುತ್ತು 50 ಹರ್ಟ್ಸಿನದಾದುದರಿಂದ, ಶಟರಿನ ವೇಗವನ್ನು ಸೆಕೆಂಡಿನ 50ನೆಯ ಅಥವಾ 100ನೆಯ ಭಾಗಕ್ಕೆ ಇಟ್ಟರೆ ಆ ಕಂಪನ ನಿಲ್ಲುತ್ತದೆ. ನನಗೆ ಕಷ್ಟವಾಗಿರುವುದು ಚಿತ್ರಗಳನ್ನು ಜೋಡಿಸುವುದು. ಎಲ್ಲವನ್ನೂ ಕ್ಷಣಕ್ಷಣಕ್ಕೂ ಕತ್ತರಿಸಿ ವೇಗವಾಗಿ ಓಡಿಸಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ.

ಹಿರಿಯರು: ಇದಕ್ಕೆ ಗುರುವನ್ನು ಈ ದೇಶದಲ್ಲಿಯೇ ಹುಡುಕು. ಡೇವಿಡ್ ಶಾ-ಸ್ಮಿತ್ ಎಂಬ ನಿರ್ದೇಶಕನು ತನ್ನ ಪತ್ನಿ ಸ್ಯಾಲಿಯೊಡಗೂಡಿ 1978ರಿಂದ ಆರ್‌ಟಿಇ ದೂರದರ್ಶನಕ್ಕಾಗಿ ‘ಹ್ಯಾಂಡ್ಸ್’ ಎಂಬ ಮಾಲಿಕೆಯನ್ನು ಮಾಡಿದನು. ಅದರ ಮೂವತ್ತೇಳು ಚಿತ್ರಗಳಲ್ಲಿ ಐರ್ಲೆಂಡಿನ ಕೈಕಸುಬುಗಳು ದಾಖಲಾಗಿವೆ. ತೆಳುವಾದ ಮರದ ಚೌಕಟ್ಟಿಗೆ ಡಾಂಬರು ಬಳಿದ ಬಟ್ಟೆಯನ್ನು ಹೊದಿಸಿ ಕಡಲಿಗಿಳಿಸುವ ಕರಖ್ ದೋಣಿಯನ್ನು ಕಟ್ಟುವವರಿದ್ದಾರೆ, ಬುಟ್ಟಿ ಹೆಣೆಯುವವರಿದ್ದಾರೆ. ಕ್ಯಾಮೆರಾ ಕುಶಲಿಯ ಕೈಯನ್ನು ನೋಡುತ್ತದೆ. ಕೆಲಸದ ಒಂದು ಹಂತ ಮುಗಿಯುವ ತನಕ ಅಲ್ಲಿಯೇ ನಿಲ್ಲುತ್ತದೆ. ವೇಗವಾಗಿ ಕತ್ತರಿಸಬೇಕಾದುದು ನೀನು ನಡೆದುಹೋದ ದಾರಿಯನ್ನು, ಊಟಕ್ಕೆ ಕಾದ ಹೊತ್ತನ್ನು, ಒಮ್ಮೆ ಹೇಳಿದುದನ್ನೇ ಮತ್ತೆ ಹೇಳಿದುದನ್ನು. ಕೈ ಒಂದು ಕೆಲಸವನ್ನು ಮಾಡುತ್ತಿರುವಾಗ ಕತ್ತರಿಸಬೇಡ. ಬಾಗ್ ಎಂಬ ಜೌಗುನೆಲದಿಂದ ಉರುವಲಾಗಿ ಬಳಸುವ ಟರ್ಫನ್ನು ಕಡಿಯುವವನನ್ನು ತೋರಿಸುವೆಯಾದರೆ, ಸ್ಲಾನ್ ಎಂಬ ಅವನ ಗುದ್ದಲಿ ಒದ್ದೆ ಮಣ್ಣಿನೊಳಕ್ಕೆ ಇಳಿಯುವುದರಿಂದ ಹಿಡಿದು ಇಟ್ಟಿಗೆಯಂಥ ತುಂಡು ಮೇಲೆ ಬರುವವರೆಗೆ ಒಂದೇ ನೋಟವಿರಲಿ; ಆಮೇಲೆ ಆ ತುಂಡುಗಳನ್ನು ಗಾಳಿಗೆ ಒಣಗಲು ಒಂದಕ್ಕೊಂದು ಒರಗಿಸಿ ನಿಲ್ಲಿಸುವುದನ್ನು ತೋರಿಸು. ಬೆರಣಿ ತಟ್ಟಿ ಒಣಗಿಸುವುದನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಡ.

ತರುಣಿ: ತೋರಿಸುವುದಕ್ಕಾಗಿ ಏನನ್ನಾದರೂ ಹೊಸದಾಗಿ ಏರ್ಪಡಿಸುವುದು ತಪ್ಪೇ? ಈಚೆಗೆ ಅರಾನ್ ದ್ವೀಪಗಳ ವಿಷಯ ಓದುತ್ತಿದ್ದೆ. ರಾಬರ್ಟ್ ಫ್ಲಾಹರ್ಟಿಯ ‘ಮ್ಯಾನ್ ಆಫ್ ಅರಾನ್’ ಎಂಬ 1934ರ ಚಿತ್ರದಲ್ಲಿ ದ್ವೀಪದವರು ದೋಣಿಯಲ್ಲಿ ಹೋಗಿ ಬೃಹತ್ತಾದ ಬಾಸ್ಕಿಂಗ್ ಷಾರ್ಕ್ ಮೀನನ್ನು ಈಟಿಯಿಂದ ಬೇಟೆಯಾಡುವ ದೃಶ್ಯವಿದೆ. ಆ ಬೇಟೆಯನ್ನು ಅಲ್ಲಿನವರು ಎಷ್ಟೋ ದಶಕಗಳ ಹಿಂದೆಯೇ ಬಿಟ್ಟಿದ್ದರಂತೆ. ಚಿತ್ರಕ್ಕಾಗಿ ಅವರಿಗೆ ಅದನ್ನು ಹೊಸದಾಗಿ ಕಲಿಸಬೇಕಾಯಿತಂತೆ. ತಂದೆ, ತಾಯಿ, ಮಗನಾಗಿ ಕಾಣಿಸಿಕೊಂಡವರೂ ನಿಜವಾಗಿ ಒಂದೇ ಕುಟುಂಬದವರಲ್ಲ. ಆದರೂ ಲೋಕ ಆ ಚಿತ್ರವನ್ನು ಮೆಚ್ಚಿತು.

ಹಿರಿಯರು: ಮೆಚ್ಚಿತು, ಈಗಲೂ ಮೆಚ್ಚುತ್ತದೆ, ಕಡಲಿನ ಅಲೆಗಳನ್ನು ಅಷ್ಟು ಭವ್ಯವಾಗಿ ತೋರಿಸಿದವರು ವಿರಳ. ಆದರೆ ತೊಂಬತ್ತು ವರ್ಷಗಳಾದರೂ ಆ ಚಿತ್ರದ ಮಾತು ಬಂದಾಗಲೆಲ್ಲ ಷಾರ್ಕಿನ ಮಾತೂ ಬರುತ್ತದೆ. ಅದೇ ಚಿತ್ರದಲ್ಲಿ ಬರಿಯ ಬಂಡೆಯ ಮೇಲೆ ಕಡಲಪಾಚಿಯನ್ನೂ ಮಣ್ಣನ್ನೂ ಹೊತ್ತು ತಂದು ಹರಡಿ, ಆಲೂಗಡ್ಡೆ ಬೆಳೆಯಲು ನೆಲವನ್ನೇ ಸೃಷ್ಟಿಸುವ ದೃಶ್ಯವಿದೆ. ಅದು ಆ ಜನರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ಬೇಟೆಗಿಂತ ಆ ದೃಶ್ಯ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ನಿನ್ನಂಥವರಿಗೆ ಇದರಲ್ಲಿ ದೊಡ್ಡ ಪಾಠವುಂಟು. ಏರ್ಪಡಿಸಿದುದನ್ನು ಏರ್ಪಡಿಸಿದುದೆಂದು ಹೇಳಿದರೆ ದೋಷವಿಲ್ಲ. ಹಿಂದೆ ಹೀಗೆ ಮಾಡುತ್ತಿದ್ದರು, ಈಗ ನಿಮಗಾಗಿ ಮಾಡಿ ತೋರಿಸುತ್ತಿದ್ದಾರೆ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು. ಮರೆಮಾಚಿದರೆ, ಒಂದಲ್ಲ ಒಂದು ದಿನ ಅದು ಬಯಲಾದಾಗ ನೀನು ತೋರಿಸಿದ ಸತ್ಯಗಳ ಮೇಲೂ ಸಂದೇಹ ಬೀಳುತ್ತದೆ.

ತರುಣಿ: ಇಷ್ಟೆಲ್ಲ ಶ್ರದ್ಧೆಯಿಂದ ಮಾಡಿದುದನ್ನು ಯಾರೂ ತೆರೆದೇ ನೋಡದಿದ್ದರೆ? ನೀವು ಶೀರ್ಷಿಕೆಯನ್ನೂ ಥಂಬ್‌ನೇಲ್ ಚಿತ್ರವನ್ನೂ ಕುರಿತು ಏನೂ ಹೇಳಲಿಲ್ಲ.

ಹಿರಿಯರು: ಅವು ನನಗೆ ಅಷ್ಟಾಗಿ ಒಗ್ಗವು. ಬಾಯಿ ತೆರೆದ ಮುಖ, ಕೆಂಪು ಬಾಣ, ಬೆಚ್ಚಿಬೀಳಿಸುವ ಅಕ್ಷರ ಇವನ್ನೆಲ್ಲ ಕಂಡರೆ ಒಳಗಿನ ವಸ್ತುವಿನ ಮೇಲಿನ ವಿಶ್ವಾಸವೇ ತಗ್ಗುತ್ತದೆ.

ತರುಣಿ: ಇಲ್ಲಿ ನಿಮ್ಮ ಮಾತನ್ನು ನಾನು ಒಪ್ಪಲಾರೆ, ದೊಡ್ಡಪ್ಪ. ಹಬ್ಬದ ದಿನ ಬಾಗಿಲಿಗೆ ತೋರಣ ಕಟ್ಟುವುದು ಬರುವವರ ಮೇಲಿನ ಗೌರವದಿಂದಲ್ಲವೇ? ಶೀರ್ಷಿಕೆಯೂ ಹಾಗೆಯೇ. ‘ಐರ್ಲೆಂಡಿನಲ್ಲಿ ನನ್ನ ಒಂದು ದಿನ’ ಎಂದರೆ ಒಳಗೆ ಏನಿದೆಯೆಂದು ಯಾರಿಗೂ ತಿಳಿಯದು. ‘ಐರ್ಲೆಂಡಿನ ರೈತನಿಗೆ ಹಾಲಿನ ದುಡ್ಡು ಬರುವುದು ಹೇಗೆ?’ ಎಂದರೆ ಮಂಡ್ಯದವಳಿಗೆ ತನಗಾಗಿಯೇ ಒಂದು ಬಾಗಿಲು ತೆರೆದಿದೆಯೆಂದು ತಿಳಿಯುತ್ತದೆ. ಒಳಗಿರುವುದನ್ನು ಸರಿಯಾಗಿ, ಸಣ್ಣ ಪರದೆಯಲ್ಲಿಯೂ ಓದಲು ಬರುವಂತೆ, ನಾಲ್ಕಾರು ಪದಗಳಲ್ಲಿ ಹೇಳುವುದು ಕಠಿಣವಾದ ಕಲೆ.

ಹಿರಿಯರು: ನಿನ್ನ ಮಾತು ನ್ಯಾಯವಾಗಿದೆ, ನನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುತ್ತೇನೆ. ಶೀರ್ಷಿಕೆ ಕೊಟ್ಟ ಮಾತನ್ನು ಮೊದಲ ಅರ್ಧ ನಿಮಿಷದಲ್ಲಿಯೇ ನಡೆಸಿಕೊಡಬೇಕೆಂಬ ಒಂದು ನಿಯಮವನ್ನು ಮಾತ್ರ ಅದಕ್ಕೆ ಸೇರಿಸುತ್ತೇನೆ. ರೇಡಿಯೋ ಭಾಷಣದಲ್ಲಿ ಉಪೋದ್ಘಾತ ನೀಳವಾದಷ್ಟೂ ಕಿವಿಗಳು ದೂರವಾಗುತ್ತಿದ್ದವು.

ತರುಣಿ: ಈಗ ಅದನ್ನು ಕಣ್ಣಾರೆ ಕಾಣಬಹುದು. ಯಾವ ಕ್ಷಣದಲ್ಲಿ ಎಷ್ಟು ಮಂದಿ ಉಳಿದರು, ಎಲ್ಲಿ ಎದ್ದುಹೋದರು, ಯಾವ ಭಾಗವನ್ನು ಮತ್ತೆ ನೋಡಿದರು ಎಂಬುದನ್ನು ಯೂಟ್ಯೂಬ್ ಒಂದು ರೇಖಾಚಿತ್ರದಲ್ಲಿ ತೋರಿಸುತ್ತದೆ. ಎಷ್ಟು ಸಲ ತೆರೆದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ 2012ರಿಂದ ಅಲ್ಲಿ ಹೆಚ್ಚಿನ ಬೆಲೆ. ನನ್ನಂತೆ ನೀಳ ವಿಡಿಯೋ ಮಾಡುವವರು ಜಾಹೀರಾತಿನ ಆದಾಯದಲ್ಲಿ ಪಾಲು ಪಡೆಯಬೇಕಾದರೆ 1,000 ಸಬ್‌ಸ್ಕ್ರೈಬರುಗಳೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ನೋಟವೂ ಇರಬೇಕೆಂಬುದು 2018ರಿಂದ ಬಂದಿರುವ ಮಾನದಂಡ. 4,000 ಗಂಟೆಗಳೆಂದರೆ 2,40,000 ನಿಮಿಷಗಳು. ಹತ್ತು ನಿಮಿಷದ ವಿಡಿಯೋವನ್ನು ಜನ ಅರ್ಧದಷ್ಟು ನೋಡಿದರೆ ಅದಕ್ಕೆ 48,000 ನೋಟಗಳು ಬೇಕು. ಕೊನೆಯವರೆಗೆ ನೋಡಿದರೆ 24,000 ಸಾಕು.

ಹಿರಿಯರು: ನೋಡಿದೆಯಾ, ನಿನ್ನ ಲೆಕ್ಕವೇ ನಿನಗೆ ದಾರಿ ತೋರಿಸುತ್ತಿದೆ. ಹೊಸಬರನ್ನು ಹುಡುಕುವ ಆತುರದಲ್ಲಿ ಬಂದವರನ್ನು ಅಲಕ್ಷಿಸಬಾರದೆಂಬ ನೀತಿ ಅದರಲ್ಲಿ ಅಡಗಿದೆ. ಆ ರೇಖೆ ಕೆಳಗಿಳಿದ ಕಡೆಯಲ್ಲಿ ನೀನು ಏನು ಹೇಳುತ್ತಿದ್ದೆಯೆಂದು ಮತ್ತೆ ಕೇಳು: ಬಹುಶಃ ನಿನ್ನನ್ನೇ ಕುರಿತು ಮಾತನಾಡುತ್ತಿದ್ದಿರಬಹುದು, ಇಲ್ಲವೆ ದಾರಿಯನ್ನು ವೃಥಾ ಬಣ್ಣಿಸುತ್ತಿದ್ದಿರಬಹುದು. ಮೇಲೆ ಏರಿದ ಕಡೆಯಲ್ಲಿ ಜನರ ಪ್ರಶ್ನೆಯೊಂದು ಅಡಗಿರುತ್ತದೆ. ಮುಂದಿನ ವಿಡಿಯೋಗೆ ಅದೇ ವಸ್ತು. ವಾರಕ್ಕೊಂದೋ ತಿಂಗಳಿಗೆರಡೋ, ನಿನ್ನ ಉದ್ಯೋಗಕ್ಕೂ ಆರೋಗ್ಯಕ್ಕೂ ಬಾಧೆಯಾಗದಷ್ಟನ್ನು ಗೊತ್ತುಮಾಡಿಕೊಂಡು, ಆ ದಿನ ತಪ್ಪದಂತೆ ನೋಡಿಕೊ. ನಮ್ಮ ಕೇಂದ್ರದ ವಾರ್ತೆಗೆ ಜನ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಅಂಥ ನಂಬಿಕೆಯನ್ನು ಯಾವ ಜಾಹೀರಾತೂ ತಂದುಕೊಡದು.

ತರುಣಿ: ನೋಡುವವರನ್ನು ಇನ್ನೂ ಹತ್ತಿರಕ್ಕೆ ತರುವ ಉಪಾಯವುಂಟೇ?

ಹಿರಿಯರು: ಅವರಿಗೆ ಒಂದು ಕೆಲಸ ಕೊಡು. 1937ರಿಂದ 1939ರವರೆಗೆ ಈ ದೇಶದ ಜಾನಪದ ಆಯೋಗವು ಶಾಲಾಮಕ್ಕಳಿಗೆ ಒಂದು ಕಾರ್ಯವನ್ನು ಒಪ್ಪಿಸಿತು. ಸುಮಾರು 5,000 ಶಾಲೆಗಳ 50,000 ಮಕ್ಕಳು ತಮ್ಮ ಅಜ್ಜ ಅಜ್ಜಿಯರನ್ನೂ ನೆರೆಹೊರೆಯವರನ್ನೂ ಕೇಳಿ ಕಥೆ, ಮನೆಮದ್ದು, ಹಬ್ಬ, ಸ್ಥಳಪುರಾಣಗಳನ್ನು ಬರೆದುಕೊಂಡು ಬಂದರು; ಆ ಬರಹಗಳು ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುತ್ತವೆ. ಬರೆದ ಮಕ್ಕಳು ಆ ಭಂಡಾರಕ್ಕೆ ತಾವೇ ಒಡೆಯರಾದರು. ನೀನೂ ಪ್ರತಿ ವಿಡಿಯೋದ ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಕೇಳು: ನಿಮ್ಮೂರಿನಲ್ಲಿ ಡೇರಿ ಬರುವ ಮುಂಚೆ ಹಾಲನ್ನು ಏನು ಮಾಡುತ್ತಿದ್ದರು, ಮನೆಯ ಹಿರಿಯರನ್ನು ಕೇಳಿ ತಿಳಿಸಿ ಎನ್ನು. ಬಂದ ಉತ್ತರಗಳನ್ನು, ಕೊಟ್ಟವರ ಒಪ್ಪಿಗೆ ಪಡೆದು, ಮುಂದಿನ ಸಲ ಓದು. ಆಗ ತಿಪಟೂರಿನ ತಾಯಿ ನೋಡುವವಳಾಗಿ ಬಂದವಳು ಹೇಳುವವಳೂ ಆಗುತ್ತಾಳೆ. ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾಳೆ.

ತರುಣಿ: ಒಪ್ಪಿಗೆಯ ಮಾತನ್ನೆತ್ತಿದಿರಿ, ಇಲ್ಲಿ ಅದು ಕಾನೂನಿನ ವಿಷಯವೂ ಹೌದು. ಜನರ ಖಾಸಗಿ ವಿವರಗಳನ್ನು ಕಾಯುವ ಯುರೋಪಿನ ಕಾಯಿದೆ ಬಿಗಿಯಾಗಿದೆ. ಕ್ಯಾಮೆರಾ ಇರುವ ಡ್ರೋನನ್ನು ಹಾರಿಸುವವರು ವಿಮಾನಯಾನ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಹಣ ಪಡೆದು ಒಂದು ಸರಕನ್ನು ಹೊಗಳಿದರೆ ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು 2023ರ ಮಾರ್ಗಸೂಚಿ ಹೇಳುತ್ತದೆ.

ಹಿರಿಯರು: ಕಾನೂನು ಹೇಳದಿದ್ದರೂ ಅದು ಮಾಡತಕ್ಕ ಕೆಲಸವೇ. ವಿಶೇಷವಾಗಿ ಮಕ್ಕಳ ಮುಖವನ್ನು ತಂದೆತಾಯಿಗಳ ಒಪ್ಪಿಗೆಯಿಲ್ಲದೆ ತೋರಿಸಬೇಡ. ಆಸ್ಪತ್ರೆ, ಪ್ರಾರ್ಥನಾಮಂದಿರ, ಶೋಕದ ಮನೆಗಳಲ್ಲಿ ಫೋನನ್ನು ಚೀಲದಲ್ಲಿಯೇ ಇಡು.

ತರುಣಿ: ಹಾಗಾದರೆ ನನ್ನ ಮುಂದಿನ ಕೆಲಸ ಡ್ರಮ್‌ಕಾಲೊಹರಿನದು. ಮೊದಲು ಒಬ್ಬ ರೈತನ ಮನೆಗೆ ಕ್ಯಾಮೆರಾ ಇಲ್ಲದೆ ಹೋಗಿ ಮಾತನಾಡಿ ಬರುತ್ತೇನೆ, ಆಮೇಲೆ ಚಿತ್ರಣ. ಕಣಗಿನಹಾಳದಲ್ಲಿ ಆರಂಭಿಸುತ್ತೇನೆ. ಆದರೆ ಕೊನೆಯದಾಗಿ ಒಂದು ಮಾತು ಕೇಳಲೇಬೇಕು. ಇಷ್ಟಾದರೂ ಸಂಖ್ಯೆ ಹೆಚ್ಚದಿದ್ದರೆ, ನಾನು ಬೆಳೆದೆನೆಂದು ತಿಳಿಯುವುದು ಹೇಗೆ?

ಹಿರಿಯರು: ಸಂಖ್ಯೆ ಹೆಚ್ಚಲಿ ಎಂದೇ ನಾನೂ ಹಾರೈಸುತ್ತೇನೆ, ಶ್ರಮಕ್ಕೆ ಫಲ ಬೇಡವೆನ್ನುವುದು ಸುಳ್ಳು ವೈರಾಗ್ಯ. ಆದರೆ ಸಂಖ್ಯೆಯ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಟ್ಟುಕೊ. ನಿನ್ನನ್ನು ನೋಡುವವರು ಕೇಳುವ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡು. ಇಂದು ಅವರು ಐರ್ಲೆಂಡಿನಲ್ಲಿ ಸಂಬಳವೆಷ್ಟು, ಚಳಿಯೆಷ್ಟು ಎಂದು ಕೇಳುತ್ತಿದ್ದಾರೆ. ತಪ್ಪೇನೂ ಇಲ್ಲ, ಅವೂ ಬಾಳಿಗೆ ಬೇಕಾದ ಪ್ರಶ್ನೆಗಳೇ. ಒಂದು ವರ್ಷ ಕಳೆದ ಮೇಲೆ ಅವರಲ್ಲೊಬ್ಬರು ನೀರಿನ ಖರ್ಚನ್ನು ಕಳೆಯುವ ಪದ್ಧತಿ ನಮ್ಮ ಡೇರಿಗೂ ಹೊಂದೀತೇ ಎಂದು ಕೇಳಿದರೆ, ಇನ್ನೊಬ್ಬರು ತಮ್ಮ ಭಾಷೆಯನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಐರಿಷರು ಪಟ್ಟ ಪಾಡನ್ನು ವಿವರಿಸಿರಿ ಎಂದರೆ, ಮಲ್ಪೆಯ ಹುಡುಗನೊಬ್ಬನು ನಮ್ಮ ದ್ವೀಪದ ಕಂಬಗಳನ್ನು ನಾನೇ ಎಣಿಸಿಬಂದೆನೆಂದು ಹೇಳಿದರೆ, ಆಗ ನಿನ್ನ ಪ್ರೇಕ್ಷಕರು ಬೆಳೆದರೆಂದು ನಿಶ್ಚಯಿಸಿಕೊ. ಹಾಗೆ ಬೆಳೆದ ನೂರು ಮಂದಿ ನಿನ್ನನ್ನು ಹಳೆಯ ಮಾತನ್ನೇ ಮತ್ತೆ ಆಡಲು ಬಿಡುವುದಿಲ್ಲ. ಅವರಿಗೆ ಉತ್ತರ ಹೇಳುವುದಕ್ಕಾಗಿಯಾದರೂ ನೀನು ಓದಬೇಕಾಗುತ್ತದೆ, ತಿರುಗಾಡಬೇಕಾಗುತ್ತದೆ, ಮುಂದಿನ ವಿಡಿಯೋವನ್ನು ಹಿಂದಿನದಕ್ಕಿಂತ ಚೆನ್ನಾಗಿ ಮಾಡಲೇಬೇಕಾಗುತ್ತದೆ.